ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಲೇಸರ್ ಶಸ್ತ್ರಚಿಕಿತ್ಸೆ: ದೃಷ್ಟಿದೋಷವುಳ್ಳವರಿಗೆ ಆಯ್ಕೆಯ ಮಾಹಿತಿ

(ಎನ್. ಬೇಗೂರು ಹಾಗೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಭಾಗದ ಸಾರ್ವಜನಿಕರ ಅವಗಾಹನೆಗಾಗಿ)

ಪೀಠಿಕೆ

ಬಸ್ಸಿನ ಫಲಕವು ತೀರ ಹತ್ತಿರ ಬಂದ ಮೇಲಷ್ಟೇ ಓದಲು ಸಾಧ್ಯವಾಗುವುದು, ಶಾಲೆಯ ಕರಿಹಲಗೆಯ ಅಕ್ಷರಗಳು ಮಸುಕಾಗಿ ತೋರುವುದು, ಸೂಜಿಗೆ ದಾರ ಪೋಣಿಸಲು ಕೈಯನ್ನು ದೂರಕ್ಕೆ ಚಾಚಬೇಕಾಗುವುದು, ಇವು ಬಹುತೇಕ ಸಂದರ್ಭಗಳಲ್ಲಿ ಕಣ್ಣಿನ ರೋಗದ ಲಕ್ಷಣಗಳಲ್ಲ. ಹೊರಗಿನಿಂದ ಬಂದ ಬೆಳಕು ಕಣ್ಣಿನ ಒಳಪೊರೆಯಾದ ರೆಟಿನಾದ ಮೇಲೆ ಸರಿಯಾಗಿ ಕೇಂದ್ರೀಕೃತವಾಗದಿರುವುದರಿಂದ ಉಂಟಾಗುವ ದೋಷವಿದು. ಇದನ್ನು ವಕ್ರೀಭವನ ದೋಷವೆಂದು ಕರೆಯಲಾಗುತ್ತದೆ. ಇದರ ನಿವಾರಣೆಗೆ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ಹಾಗೂ ಲೇಸರ್ ಶಸ್ತ್ರಚಿಕಿತ್ಸೆ ಎಂಬ ಮೂರು ಮಾರ್ಗಗಳಿವೆ. ಮೂರೂ ಸಮಾನವಾದ ಆಯ್ಕೆಗಳೆಂದು ಭಾವಿಸುವುದು ಸರಿಯಲ್ಲ. ಕನ್ನಡಕವನ್ನು ಬೇಡವೆನಿಸಿದಾಗ ತೆಗೆದಿಡಬಹುದು, ಲೆನ್ಸನ್ನು ಬಿಡಬಹುದು. ಲೇಸರ್‌ನಿಂದ ತೆಗೆದ ಕಾರ್ನಿಯಾದ ಅಂಶವನ್ನು ಮರಳಿ ಸೇರಿಸಲಾಗುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿವರಗಳನ್ನು ಓದಿಕೊಳ್ಳುವುದು ಸೂಕ್ತ. ವಿಶೇಷವಾಗಿ ರೈಲ್ವೆ, ಅರೆಸೇನಾ ಪಡೆ ಹಾಗೂ ಸೇನೆಯ ಹುದ್ದೆಗಳಿಗೆ ಅರ್ಜಿ ಸಲ್ಲಿಸುವ ಯುವಜನರು ಈ ಪುಟದ ಕೊನೆಯ ಭಾಗವನ್ನು ತಪ್ಪದೆ ಗಮನಿಸತಕ್ಕದ್ದು.

ದೋಷದ ಬಗೆಗಳು

ಹತ್ತಿರದ್ದು ಸ್ಪಷ್ಟವಾಗಿದ್ದು ದೂರದ್ದು ಮಸುಕಾಗಿದ್ದರೆ ಅದು ಸಮೀಪದೃಷ್ಟಿ. ಇದಕ್ಕೆ ಮೈನಸ್ ಪವರ್ ನೀಡಲಾಗುತ್ತದೆ. ಇದಕ್ಕೆ ವಿರುದ್ಧವಾದದ್ದು ದೂರದೃಷ್ಟಿ. ಇದಕ್ಕೆ ಪ್ಲಸ್ ಪವರ್. ಕಾರ್ನಿಯಾದ ಬಾಗು ಎಲ್ಲ ದಿಕ್ಕುಗಳಲ್ಲಿ ಒಂದೇ ಸಮನಾಗಿಲ್ಲದಿದ್ದರೆ ಗೆರೆಗಳು ಹರಡಿದಂತೆ ಕಾಣುತ್ತವೆ. ಚೀಟಿಯಲ್ಲಿ ಸಿಲಿಂಡರ್ ಎಂದು ಬರೆಯುವುದು ಇದನ್ನೇ. ನಾಲ್ಕನೆಯದು ಎಲ್ಲರಿಗೂ ಬರುವಂಥದ್ದು. ಸುಮಾರು ನಲವತ್ತರ ವಯಸ್ಸಿನಲ್ಲಿ ಕಣ್ಣಿನೊಳಗಿನ ಮಸೂರವು ಬಳುಕುವ ಗುಣವನ್ನು ಕಳೆದುಕೊಳ್ಳುವುದರಿಂದ ಹತ್ತಿರದ ಓದು ಕಷ್ಟವಾಗುತ್ತದೆ. ಹಿರಿಯರು ಇದನ್ನು ಚಾಳೀಸು ಎನ್ನುತ್ತಿದ್ದುದು ಈ ನಲವತ್ತರ ಲೆಕ್ಕದಿಂದಲೇ.

ಮೊದಲು ಪರೀಕ್ಷೆ

ಯಾವುದೇ ಆಯ್ಕೆಗೆ ಮುನ್ನ ಕ್ರಮಬದ್ಧ ನೇತ್ರ ಪರೀಕ್ಷೆ ಆಗಬೇಕು. ಸಂತೆಯಲ್ಲಿ ಅಥವಾ ರಸ್ತೆಬದಿಯಲ್ಲಿ ಒಂದೊಂದಾಗಿ ಹಾಕಿ ನೋಡಿ ಕೊಂಡ ಕನ್ನಡಕವು ಓದಿಗೆ ತಾತ್ಕಾಲಿಕವಾಗಿ ನೆರವಾದರೂ, ಎರಡು ಕಣ್ಣುಗಳ ಪವರ್ ಬೇರೆ ಬೇರೆ ಇರುವವರಿಗೆ ಹಾಗೂ ಸಿಲಿಂಡರ್ ಇರುವವರಿಗೆ ಅದು ಹೊಂದುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಧುಮೇಹದಿಂದ ರೆಟಿನಾಕ್ಕೆ ಆಗುವ ಹಾನಿಯನ್ನಾಗಲಿ ಗ್ಲಾಕೋಮಾವನ್ನಾಗಲಿ ಕನ್ನಡಕದ ಅಂಗಡಿಯು ಪತ್ತೆ ಹಚ್ಚಲಾರದು.

ದೃಷ್ಟಿಯನ್ನು 6/6, 6/9, 6/60 ಎಂಬಂತೆ ನಮೂದಿಸಲಾಗುತ್ತದೆ. 6/60 ಎಂದರೆ ಸಾಮಾನ್ಯ ಕಣ್ಣುಳ್ಳವರು 60 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ಓದಲು 6 ಮೀಟರಿಗೆ ಬರಬೇಕಾಗುವುದು ಎಂದರ್ಥ. ತಾಲ್ಲೂಕು ಆಸ್ಪತ್ರೆಗಳಲ್ಲಿ ನೇತ್ರಾಧಿಕಾರಿಗಳು ಈ ಪರೀಕ್ಷೆಯನ್ನು ಮಾಡಿ ಚೀಟಿ ನೀಡುತ್ತಾರೆ. ಬಂಡೀಪುರದ ಕಾಡಂಚಿನಲ್ಲಿರುವ ಎನ್. ಬೇಗೂರಿನ ಸುತ್ತಲಿನ ಗ್ರಾಮಗಳವರಿಗೂ ಹಾಡಿಗಳ ನಿವಾಸಿಗಳಿಗೂ ಎಚ್.ಡಿ. ಕೋಟೆಯ ತಾಲ್ಲೂಕು ಆಸ್ಪತ್ರೆ ಹಾಗೂ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ವಿವೇಕಾನಂದ ಸ್ಮಾರಕ ಆಸ್ಪತ್ರೆ ಸಮೀಪದವು. ಹೆಚ್ಚಿನ ತಪಾಸಣೆ ಬೇಕಾದಲ್ಲಿ ಮೈಸೂರಿನ ಕೆ.ಆರ್. ಆಸ್ಪತ್ರೆಗೂ, ಅಗತ್ಯಬಿದ್ದರೆ 1896ರಲ್ಲಿ ಆರಂಭವಾದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೂ ಹೋಗಬಹುದು.

1976ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಈಗ ದೃಷ್ಟಿ ದುರ್ಬಲತೆಯನ್ನೂ ಒಳಗೊಂಡಿದೆ. ಇದರಡಿ ದೃಷ್ಟಿದೋಷವುಳ್ಳ ಶಾಲಾ ಮಕ್ಕಳಿಗೂ ಹತ್ತಿರದ ಓದಿಗೆ ತೊಂದರೆಯಿರುವ ಬಡ ಹಿರಿಯರಿಗೂ ಉಚಿತ ಕನ್ನಡಕ ನೀಡಲು ಅವಕಾಶವಿದೆ. ರಾಜ್ಯದ ಆಶಾಕಿರಣ ಯೋಜನೆಯಲ್ಲಿಯೂ ಕಣ್ಣಿನ ತಪಾಸಣೆ ಹಾಗೂ ಕನ್ನಡಕ ವಿತರಣೆ ಸೇರಿದೆ. ಹಣ ಕೊಟ್ಟು ಕೊಳ್ಳುವ ಮುನ್ನ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕುರಿತು ವಿಚಾರಿಸಿಕೊಳ್ಳುವುದು ಲೇಸು.

ಕನ್ನಡಕ

ಮೂರು ಮಾರ್ಗಗಳಲ್ಲಿ ಅತ್ಯಂತ ಹಳೆಯದೂ ಅತ್ಯಂತ ಸುರಕ್ಷಿತವೂ ಆದದ್ದು ಕನ್ನಡಕ. ಇದರಿಂದ ಕಣ್ಣಿಗೆ ಸೋಂಕು ತಗುಲುವ ಭಯವಿಲ್ಲ. ಪವರ್ ಬದಲಾದರೆ ಗಾಜನ್ನು ಬದಲಿಸಿದರಾಯಿತು. ಕನ್ನಡಕ ಹಾಕಿದರೆ ಪವರ್ ಹೆಚ್ಚುತ್ತದೆಂಬ ನಂಬಿಕೆ ಗ್ರಾಮಾಂತರದಲ್ಲಿ ಇನ್ನೂ ಉಳಿದಿದೆ. ಬೆಳೆಯುವ ಮಕ್ಕಳಲ್ಲಿ ಕಣ್ಣುಗುಡ್ಡೆ ಉದ್ದವಾಗುತ್ತ ಹೋಗುವುದರಿಂದ ಪವರ್ ಹೆಚ್ಚುತ್ತದೆಯೇ ಹೊರತು ಕನ್ನಡಕದಿಂದಲ್ಲ. ಬದಲಾಗಿ, ಒಂದು ಕಣ್ಣಿನಲ್ಲಿ ಮಾತ್ರ ದೋಷವಿರುವ ಮಗುವಿಗೆ ಕನ್ನಡಕ ಕೊಡದೆ ಹೋದರೆ ಮೆದುಳು ಆ ಕಣ್ಣಿನ ಬಳಕೆಯನ್ನೇ ಕೈಬಿಡುತ್ತದೆ. ಎಳೆಯ ವಯಸ್ಸು ದಾಟಿದ ಮೇಲೆ ಆ ದೃಷ್ಟಿಯನ್ನು ಯಾವ ಕನ್ನಡಕದಿಂದಲೂ ಲೇಸರ್‌ನಿಂದಲೂ ಪೂರ್ಣವಾಗಿ ಮರಳಿ ಪಡೆಯುವುದು ಕಷ್ಟ. ಹೆಣ್ಣುಮಗಳು ಕನ್ನಡಕ ಹಾಕಿದರೆ ಮದುವೆಗೆ ಅಡ್ಡಿ ಎಂಬ ಅಳುಕಿನಿಂದ ಪರೀಕ್ಷೆಯನ್ನು ಮುಂದೂಡುವ ಪೋಷಕರು ಈ ಅಂಶವನ್ನು ಗಮನಿಸಬೇಕು.

ಕೃಷಿ ಕುಟುಂಬಗಳಿಗೆ ಕನ್ನಡಕದಿಂದ ಇನ್ನೊಂದು ಪ್ರಯೋಜನವಿದೆ. ಕೆ.ಆರ್. ನಗರದ ಭತ್ತದ ಕಣದಲ್ಲಿ ಸಿಡಿಯುವ ಹೊಟ್ಟು, ಕಬ್ಬಿನ ಗದ್ದೆಯಲ್ಲಿ ತಗುಲುವ ಗರಿಯ ಅಂಚು, ಕಾಡಂಚಿನ ದಾರಿಯಲ್ಲಿ ಮುಖಕ್ಕೆ ಬಡಿಯುವ ಮುಳ್ಳಿನ ರೆಂಬೆ ಇವುಗಳಿಂದ ಕಾರ್ನಿಯಾದ ಮೇಲೆ ಗೀರು ಬಿದ್ದು, ಅದರಲ್ಲಿ ಶಿಲೀಂಧ್ರದ ಸೋಂಕು ಬೆಳೆದು ಕಣ್ಣು ಹೋದ ಪ್ರಕರಣಗಳು ದಕ್ಷಿಣ ಭಾರತದ ಕೃಷಿಕರಲ್ಲಿ ವಿರಳವಲ್ಲ. ಸಾಧಾರಣ ಕನ್ನಡಕವೂ ಇಂಥ ಪೆಟ್ಟನ್ನು ಒಂದು ಮಟ್ಟಿಗೆ ತಡೆಯುತ್ತದೆ. ಮಕ್ಕಳಿಗೂ ಹೊರಗಿನ ಕೆಲಸದವರಿಗೂ ಗಾಜಿಗಿಂತ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಉತ್ತಮ. ಕಣ್ಣಿಗೆ ಹೊಟ್ಟು ಬಿದ್ದಾಗ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕುವುದಾಗಲಿ, ಔಷಧಿ ಅಂಗಡಿಯಲ್ಲಿ ಕೇಳಿ ಸ್ಟೆರಾಯ್ಡ್ ಹನಿ ತರುವುದಾಗಲಿ ಕೂಡದು.

ಕನ್ನಡಕದ ಕೊರತೆಗಳೂ ಇಲ್ಲದಿಲ್ಲ. ಮಳೆಯಲ್ಲಿ, ಬೆವರಿನಲ್ಲಿ, ಹೊಗೆಯಲ್ಲಿ ಅದು ಮಸುಕಾಗುತ್ತದೆ. ಪವರ್ ಹೆಚ್ಚಾದಷ್ಟೂ ಗಾಜು ದಪ್ಪವಾಗುತ್ತದೆ. ಅಂಚಿನ ನೋಟ ಡೊಂಕಾಗುತ್ತದೆ. ಎರಡು ಕಣ್ಣುಗಳ ನಡುವೆ ಸುಮಾರು 3 ಡಯಾಪ್ಟರ್‌ಗಿಂತ ಹೆಚ್ಚು ಅಂತರವಿದ್ದರೆ ಎರಡರಲ್ಲಿ ಕಾಣುವ ಬಿಂಬದ ಗಾತ್ರವೇ ಬೇರೆಯಾಗಿ ತಲೆನೋವು ಬರಬಹುದು.

ಕಾಂಟ್ಯಾಕ್ಟ್ ಲೆನ್ಸ್

ಮೇಲೆ ಹೇಳಿದಂತೆ ಎರಡು ಕಣ್ಣುಗಳ ಪವರ್‌ನಲ್ಲಿ ಹೆಚ್ಚು ಅಂತರವಿರುವವರಿಗೆ, ಅತಿ ಹೆಚ್ಚು ಪವರ್ ಇರುವವರಿಗೆ, ಹಾಗೂ ಕಾರ್ನಿಯಾವು ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಇರುವವರಿಗೆ ಲೆನ್ಸ್ ಬರಿಯ ಅಲಂಕಾರವಲ್ಲ, ಅಗತ್ಯ. ಕೆರಟೋಕೋನಸ್‌ನಲ್ಲಿ ಗಟ್ಟಿ ಲೆನ್ಸು ಕೊಡುವಷ್ಟು ಸ್ಪಷ್ಟ ನೋಟವನ್ನು ಕನ್ನಡಕವು ಕೊಡಲಾರದು. ಉಳಿದವರಿಗೆ ಇದು ಅನುಕೂಲದ ವಿಷಯ.

ಲೆನ್ಸ್ ಬಳಸುವವರ ಶಿಸ್ತೇ ಅದರ ಸುರಕ್ಷತೆ. ಕೈಯನ್ನು ಸೋಪಿನಿಂದ ತೊಳೆದು ಒರೆಸಿ ಒಣಗಿಸಿದ ನಂತರವೇ ಮುಟ್ಟಬೇಕು. ದ್ರಾವಣವನ್ನು ಪ್ರತಿದಿನ ಹೊಸದಾಗಿ ಹಾಕಬೇಕು. ನಿನ್ನೆಯದಕ್ಕೆ ಸ್ವಲ್ಪ ಸೇರಿಸುವುದು ಸಲ್ಲದು. ಡಬ್ಬಿಯನ್ನು ಮೂರು ತಿಂಗಳೊಳಗೆ ಬದಲಿಸಬೇಕು. ಲೆನ್ಸ್ ಹಾಕಿಕೊಂಡು ಮಲಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಲೆನ್ಸಿಗೆ ನೀರು ತಾಗಬಾರದು. ಅದು ಕೊಳವೆಬಾವಿಯದಾಗಲಿ ನಲ್ಲಿಯದಾಗಲಿ ಕಾಯಿಸಿ ಆರಿಸಿದ್ದಾಗಲಿ. ನೀರಿನಲ್ಲಿ ಹಾಗೂ ಮಣ್ಣಿನಲ್ಲಿ ಸಹಜವಾಗಿ ಇರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯು ಲೆನ್ಸಿನಡಿ ಸೇರಿದರೆ ತೀವ್ರ ನೋವಿನ ಹುಣ್ಣಾಗಿ, ತಿಂಗಳುಗಟ್ಟಲೆ ಚಿಕಿತ್ಸೆಯ ನಂತರವೂ ಕಾರ್ನಿಯಾ ಕಸಿ ಬೇಕಾಗಬಹುದು. ಆದುದರಿಂದ ಕಬಿನಿ, ನುಗು ಹಿನ್ನೀರಿನಲ್ಲಿ ಅಥವಾ ಕೆರೆಯಲ್ಲಿ ಈಜುವವರು, ಮೀನು ಹಿಡಿಯುವವರು ಆ ಹೊತ್ತಿಗೆ ಲೆನ್ಸ್ ಧರಿಸಿರಬಾರದು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಭಾಗದಲ್ಲಿ ವರ್ಜೀನಿಯಾ ಹೊಗೆಸೊಪ್ಪು ಹದಗೊಳಿಸುವ ತಿಂಗಳುಗಳಲ್ಲಿ ಬ್ಯಾರನ್ ಬಳಿ ರಾತ್ರಿಯೆಲ್ಲ ಸೌದೆಯ ಬೆಂಕಿ ಕಾಯುವವರಿಗೆ ಲೆನ್ಸ್ ಯುಕ್ತವಲ್ಲ. ಬಿಸಿಗಾಳಿಯು ಕಣ್ಣೀರನ್ನು ಒಣಗಿಸುತ್ತದೆ, ಹೊಗೆಯ ಕಣಗಳು ಲೆನ್ಸಿಗೆ ಅಂಟುತ್ತವೆ, ಸೊಪ್ಪು ಕಟ್ಟಿದ ಕೈಗೆ ಮೆತ್ತಿದ ಅಂಟು ಒಂದು ಬಾರಿ ತೊಳೆದರೆ ಹೋಗುವುದಿಲ್ಲ. ಸೌದೆ ಒಲೆಯ ಮುಂದೆ ಅಡುಗೆ ಮಾಡುವ ಗೃಹಿಣಿಯರಿಗೂ ಇದು ಅನ್ವಯಿಸುತ್ತದೆ. ಲೆನ್ಸ್ ಬಳಸುವ ಯಾರಿಗೇ ಆಗಲಿ ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲಾಗದಿರುವಿಕೆ, ಮಂಜು ಕಂಡುಬಂದಲ್ಲಿ ಕೂಡಲೇ ಲೆನ್ಸ್ ತೆಗೆದು ಅದೇ ದಿನ ವೈದ್ಯರನ್ನು ಕಾಣತಕ್ಕದ್ದು. ಲೆನ್ಸ್ ಬಳಸುವವರ ಬಳಿಯೂ ಒಂದು ಕನ್ನಡಕ ಇದ್ದೇ ಇರಬೇಕು.

ಲೇಸರ್ ಶಸ್ತ್ರಚಿಕಿತ್ಸೆ

2005ರಲ್ಲಿ ನಿಧನರಾದ ಡಾ. ಎಂ.ಸಿ. ಮೋದಿ ಅವರ ಶಿಬಿರಗಳ ಕಾಲದಿಂದಲೂ ನಾಡಿನ ಗ್ರಾಮೀಣರಲ್ಲಿ ಕಣ್ಣಿನ ಆಪರೇಷನ್ ಎಂದರೆ ಪೊರೆ ತೆಗೆಸುವುದು ಎಂಬ ಅರ್ಥವೇ ರೂಢಿಯಲ್ಲಿದೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಪೊರೆಯ ಶಸ್ತ್ರಚಿಕಿತ್ಸೆಯು ಕುರುಡನ್ನು ನೀಗಿಸಲು ಮಾಡುವಂಥದ್ದು. ಲೇಸರ್ ಶಸ್ತ್ರಚಿಕಿತ್ಸೆಯನ್ನು ಕನ್ನಡಕದಿಂದ ಚೆನ್ನಾಗಿಯೇ ಕಾಣುವ, ಆರೋಗ್ಯವಂತ ಕಣ್ಣಿನ ಮೇಲೆ ಮಾಡಲಾಗುತ್ತದೆ. ಆದ್ದರಿಂದ ಇದರಲ್ಲಿ ಅವಸರಕ್ಕೆ ಕಾರಣವೇ ಇಲ್ಲ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯಾ. ಎಕ್ಸೈಮರ್ ಎಂಬ ಅತಿನೇರಳೆ ಲೇಸರ್‌ನಿಂದ ಅದರ ಅಂಶವನ್ನು ಕೆತ್ತಿ ಬಾಗನ್ನು ಬದಲಿಸಲಾಗುತ್ತದೆ. ಈ ಲೇಸರ್ ಜೀವಕೋಶಗಳನ್ನು ಸುಡದೆ ನಯವಾಗಿ ಕೆತ್ತಬಲ್ಲುದೆಂದು 1981ರಲ್ಲಿ ಕಂಡುಕೊಂಡ ಅಮೆರಿಕದ ಐಬಿಎಂ ಸಂಸ್ಥೆಯ ಮೂವರಲ್ಲಿ ಭಾರತ ಮೂಲದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಈಗ ಪ್ರಚಲಿತವಿರುವ ವಿಧಾನಗಳು ಮುಖ್ಯವಾಗಿ ಮೂರು. ಪಿಆರ್‌ಕೆಯಲ್ಲಿ ಮೇಲಿನ ತೆಳುಪೊರೆಯನ್ನು ತೆಗೆದು ಕೆತ್ತಲಾಗುತ್ತದೆ. ಕೆಲವು ದಿನ ನೋವಿರುತ್ತದೆ, ನೋಟ ಸ್ಥಿರವಾಗಲು ವಾರಗಳು ಬೇಕು. ಲೇಸಿಕ್‌ನಲ್ಲಿ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ, ಕೆತ್ತಿ, ಮತ್ತೆ ಮುಚ್ಚಲಾಗುತ್ತದೆ. ನೋಟ ಒಂದೆರಡು ದಿನಗಳಲ್ಲೇ ತಿಳಿಯಾಗುತ್ತದೆ. ಸ್ಮೈಲ್ ವಿಧಾನದಲ್ಲಿ ಮುಚ್ಚಳವಿಲ್ಲದೆ ಸಣ್ಣ ರಂಧ್ರದ ಮೂಲಕ ಒಳಗಿನ ತುಣುಕನ್ನು ಹೊರತೆಗೆಯಲಾಗುತ್ತದೆ.

ಲೇಸಿಕ್‌ನ ಮುಚ್ಚಳವು ಅಂಚಿನಲ್ಲಿ ಕೂಡಿಕೊಂಡರೂ ಮೊದಲಿನ ಬಲವನ್ನು ಪಡೆಯುವುದಿಲ್ಲ. ವರ್ಷಗಳ ನಂತರವೂ ಬಲವಾದ ಪೆಟ್ಟಿನಿಂದ ಅದು ಜರುಗಿದ ನಿದರ್ಶನಗಳಿವೆ. ಗರಡಿಯಲ್ಲಿ ಕುಸ್ತಿ ಆಡುವವರು, ಕಬಡ್ಡಿ ಪಟುಗಳು, ದನಕರು ಕಟ್ಟಿ ಬಿಚ್ಚುವವರು, ಕಾಡಿನಲ್ಲಿ ಗಸ್ತು ತಿರುಗುವವರು ತಮ್ಮ ಕೆಲಸವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಿ, ಮುಚ್ಚಳವಿಲ್ಲದ ವಿಧಾನ ತಮಗೆ ಹೊಂದುವುದೇ ಎಂದು ಕೇಳಬೇಕು.

ಅರ್ಹತೆಯನ್ನು ನಿರ್ಧರಿಸುವುದು ಮುಖ್ಯವಾಗಿ ಕಾರ್ನಿಯಾದ ದಪ್ಪ ಮತ್ತು ಆಕಾರ. ಸಾಮಾನ್ಯ ದಪ್ಪವು ಸುಮಾರು 520ರಿಂದ 550 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಒಂದು ಡಯಾಪ್ಟರ್ ಪವರ್ ಇಳಿಸಲು ಅಂದಾಜು 12ರಿಂದ 15 ಮೈಕ್ರಾನ್ ಕೆತ್ತಬೇಕಾಗುತ್ತದೆ. ಉದಾಹರಣೆಗೆ 540 ಮೈಕ್ರಾನ್ ದಪ್ಪವುಳ್ಳ ವ್ಯಕ್ತಿಗೆ ಮೈನಸ್ 5 ಪವರ್ ಇದ್ದರೆ, ಲೇಸಿಕ್‌ನ ಮುಚ್ಚಳಕ್ಕೆ 110, ಕೆತ್ತನೆಗೆ ಸುಮಾರು 70 ಕಳೆದು 360 ಮೈಕ್ರಾನ್ ತಳದಲ್ಲಿ ಉಳಿಯುತ್ತದೆ. ಇದು ಸಾಕು. ದಪ್ಪ 480 ಇದ್ದು ಪವರ್ ಮೈನಸ್ 9 ಆಗಿದ್ದರೆ ಉಳಿಯುವುದು 250ರ ಆಸುಪಾಸು. ಅದು ಕನಿಷ್ಠ ಮಿತಿ; 300ರ ಕೆಳಗೆ ಇಳಿಯಲು ಅನೇಕ ವೈದ್ಯರು ಒಪ್ಪುವುದಿಲ್ಲ. ಒಪ್ಪದ ವೈದ್ಯರು ಉಪಕಾರವನ್ನೇ ಮಾಡುತ್ತಿದ್ದಾರೆಂದು ತಿಳಿಯಬೇಕು. ತೆಳುವಾದ ಕಾರ್ನಿಯಾ ಒಳಗಿನ ಒತ್ತಡಕ್ಕೆ ಉಬ್ಬಿ, ಮೊದಲು ಕನ್ನಡಕದಿಂದ ಕಾಣುತ್ತಿದ್ದಷ್ಟೂ ಕಾಣದ ಸ್ಥಿತಿ ಬರಬಹುದು. ಇದೇ ಕಾರಣದಿಂದ ಕೆರಟೋಕೋನಸ್ ಇದೆಯೇ ಎಂದು ತಿಳಿಯಲು ಕಾರ್ನಿಯಾದ ನಕ್ಷೆ ತೆಗೆಯುವ ಟೊಪೋಗ್ರಫಿ ಪರೀಕ್ಷೆ ಕಡ್ಡಾಯವೆಂದು ಭಾವಿಸತಕ್ಕದ್ದು. ಕಣ್ಣನ್ನು ಸದಾ ಬಲವಾಗಿ ಉಜ್ಜುವ ಅಭ್ಯಾಸವುಳ್ಳವರು ಅದನ್ನು ಮರೆಮಾಚಬಾರದು. ಈ ಪರೀಕ್ಷೆಗೆ ಮುನ್ನ ಮೃದು ಲೆನ್ಸನ್ನು ಒಂದೆರಡು ವಾರ, ಗಟ್ಟಿ ಲೆನ್ಸನ್ನು ಮೂರು ನಾಲ್ಕು ವಾರ ಬಿಟ್ಟಿರಬೇಕು. ಇಲ್ಲವಾದರೆ ಅಳತೆ ತಪ್ಪುತ್ತದೆ.

ವಯಸ್ಸು 18 ತುಂಬಿರಬೇಕು ಹಾಗೂ ಕನಿಷ್ಠ ಒಂದು ವರ್ಷದಿಂದ ಪವರ್ ಬದಲಾಗಿರಬಾರದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಹತೋಟಿಯಲ್ಲಿಲ್ಲದ ಮಧುಮೇಹಿಗಳು, ಕೀಲುವಾತದಂತಹ ರೋಗಗಳಿಗೆ ಚಿಕಿತ್ಸೆ ಪಡೆಯುತ್ತಿರುವವರು ಮುಂದೂಡಬೇಕು ಅಥವಾ ಕೈಬಿಡಬೇಕು. ಚಿಕಿತ್ಸೆಯ ನಂತರ ಕೆಲವು ತಿಂಗಳು ಕಣ್ಣು ಒಣಗುವುದು, ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣುವುದು ಸಾಮಾನ್ಯ. ಕೆಲವರಲ್ಲಿ ಇದು ಉಳಿದುಬಿಡುತ್ತದೆ. ರಾತ್ರಿ ವಾಹನ ಚಲಾಯಿಸುವವರಿಗೆ ಇದು ಸಣ್ಣ ಸಂಗತಿಯಲ್ಲ.

ಲೇಸರ್ ಮಾಡಿಸಿದರೆ ಇನ್ನೆಂದಿಗೂ ಕನ್ನಡಕವಿಲ್ಲ ಎಂಬುದು ತಪ್ಪು ಗ್ರಹಿಕೆ. ನಲವತ್ತರ ಚಾಳೀಸು ಬಂದೇ ಬರುತ್ತದೆ. ಅಲ್ಲದೆ ಮೈನಸ್ 6ಕ್ಕಿಂತ ಹೆಚ್ಚು ಪವರ್ ಇದ್ದವರ ಕಣ್ಣುಗುಡ್ಡೆ ಉದ್ದವಾಗಿದ್ದು ರೆಟಿನಾ ಹಿಗ್ಗಿ ತೆಳುವಾಗಿರುತ್ತದೆ. ಲೇಸರ್ ಬದಲಿಸುವುದು ಮುಂಭಾಗವನ್ನು ಮಾತ್ರ. ಕನ್ನಡಕ ಹೋದರೂ ರೆಟಿನಾ ಹರಿಯುವ ಅಪಾಯ ಹಾಗೆಯೇ ಉಳಿಯುವುದರಿಂದ ವಾರ್ಷಿಕ ತಪಾಸಣೆ ನಿಲ್ಲಿಸಬಾರದು. ಕಣ್ಣಮುಂದೆ ಮಿಂಚು, ಒಮ್ಮೆಲೇ ಕಪ್ಪುಚುಕ್ಕೆಗಳ ಮಳೆ, ಪರದೆ ಬಿದ್ದಂತಾಗುವುದು ಇವು ತುರ್ತು ಲಕ್ಷಣಗಳು.

ಉದ್ಯೋಗದ ಅರ್ಜಿದಾರರ ವಿಶೇಷ ಗಮನಕ್ಕೆ

ಸಮವಸ್ತ್ರದ ಕೆಲಸಕ್ಕೆ ಕನ್ನಡಕ ಅಡ್ಡಿಯಾಗುತ್ತದೆಂದು ಕೇಳಿ, ಸಾಲ ಮಾಡಿ ಲೇಸರ್ ಮಾಡಿಸಿಕೊಂಡು, ವೈದ್ಯಕೀಯ ಪರೀಕ್ಷೆಯಲ್ಲಿ ಆ ಲೇಸರ್ ಕಾರಣದಿಂದಲೇ ಅನರ್ಹರಾಗುವ ಸಾಧ್ಯತೆ ಇದೆ. ಇದು ಸರಿಪಡಿಸಲಾಗದ ನಷ್ಟ.

ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಕನ್ನಡಕವಿಲ್ಲದೆ ಎರಡೂ ಕಣ್ಣುಗಳಲ್ಲಿ 6/6 ದೃಷ್ಟಿ ಬೇಕು. ಇದು ಎ-1 ವೈದ್ಯಕೀಯ ವರ್ಗ. ಎ-1, ಎ-2, ಎ-3 ವರ್ಗಗಳ ಹುದ್ದೆಗಳಿಗೆ ಲೇಸಿಕ್ ಅಥವಾ ದೃಷ್ಟಿದೋಷ ನಿವಾರಣೆಯ ಯಾವುದೇ ಶಸ್ತ್ರಚಿಕಿತ್ಸೆ ಆದವರನ್ನು ಪರಿಗಣಿಸಲಾಗುವುದಿಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಕನ್ನಡಕ ಅಥವಾ ಲೆನ್ಸ್ ಇಲ್ಲದೆಯೇ ಒಂದು ಕಣ್ಣಿನಲ್ಲಿ 6/6, ಇನ್ನೊಂದರಲ್ಲಿ 6/9 ಇರಬೇಕೆಂಬುದು ಮಾನದಂಡ. ಸೇನೆಯ ಅಧಿಕಾರಿ ಹುದ್ದೆಗಳ ಕೆಲವು ಪ್ರವೇಶಗಳಲ್ಲಿ ಲೇಸಿಕ್ ಅಥವಾ ಪಿಆರ್‌ಕೆ ಆದವರಿಗೆ ಷರತ್ತಿನ ಅವಕಾಶವಿದೆ: 20 ವರ್ಷ ತುಂಬಿದ ಮೇಲೆ ಮಾಡಿಸಿರಬೇಕು, ಮಾಡಿಸಿ 12 ತಿಂಗಳು ಕಳೆದಿರಬೇಕು, ಕಾರ್ನಿಯಾ 450 ಮೈಕ್ರಾನಿಗಿಂತ ತೆಳುವಾಗಿರಬಾರದು, ಕಣ್ಣುಗುಡ್ಡೆಯ ಉದ್ದ 26 ಮಿಲಿಮೀಟರ್ ಮೀರಿರಬಾರದು, ಉಳಿದ ಪವರ್ ಒಂದು ಡಯಾಪ್ಟರ್ ಒಳಗಿರಬೇಕು, ರೆಟಿನಾ ಆರೋಗ್ಯವಾಗಿರಬೇಕು. ದ್ವಿತೀಯ ಪಿಯುಸಿ ಮುಗಿದ ಕೂಡಲೇ ಮಾಡಿಸಿಕೊಂಡವರು ಈ ಮೊದಲ ಷರತ್ತಿನಲ್ಲಿಯೇ ಹೊರಗುಳಿಯುತ್ತಾರೆ.

ಒಂದು ಹುದ್ದೆಯ ನಿಯಮ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಅಧಿಸೂಚನೆಗಳು ತಿದ್ದುಪಡಿಯಾಗುತ್ತಲೂ ಇರುತ್ತವೆ. ಆದಕಾರಣ ಪೊಲೀಸ್, ಅರಣ್ಯ ಇಲಾಖೆ, ಸೇನೆ, ರೈಲ್ವೆ ಯಾವುದೇ ಇರಲಿ, ಸಂಬಂಧಿತ ಅಧಿಸೂಚನೆಯ ವೈದ್ಯಕೀಯ ಮಾನದಂಡವನ್ನು ಪೂರ್ತಿ ಓದಿ, ಅದರ ಪ್ರತಿಯನ್ನು ವೈದ್ಯರಿಗೆ ತೋರಿಸಿದ ಮೇಲಷ್ಟೇ ನಿರ್ಧರಿಸತಕ್ಕದ್ದು. ತರಬೇತಿ ಕೇಂದ್ರದವರ ಅಥವಾ ಸ್ನೇಹಿತರ ಮಾತು ಇದಕ್ಕೆ ಆಧಾರವಾಗದು. ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ; ಮುಚ್ಚಳದ ಅಂಚು ಹಾಗೂ ಕಾರ್ನಿಯಾದ ನಕ್ಷೆಯಿಂದ ಅದು ತಿಳಿದುಬರುತ್ತದೆ.

ಚಾಲನಾ ಪರವಾನಗಿಗೆ ಈ ಆತಂಕವಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಮೂನೆ 1 ಕೇಳುವುದು, ಉತ್ತಮ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ವಾಹನ ಸಂಖ್ಯಾಫಲಕವನ್ನು, ಕನ್ನಡಕ ಧರಿಸುವವರಾದರೆ ಕನ್ನಡಕದೊಂದಿಗೆ, ಗುರುತಿಸಬಲ್ಲಿರಾ ಎಂದು. ವೈದ್ಯರು ನೀಡುವ ನಮೂನೆ 1-ಎ ಸಹ ದೃಷ್ಟಿದೋಷವು ಸೂಕ್ತ ಕನ್ನಡಕದಿಂದ ಸರಿಹೋಗಿದೆಯೇ ಎಂದೇ ಕೇಳುತ್ತದೆ. ಪರವಾನಗಿಗಾಗಿ ಯಾರೂ ಲೇಸರ್ ಮಾಡಿಸಬೇಕಾಗಿಲ್ಲ.

ವೆಚ್ಚ ಮತ್ತು ದಾಖಲೆಗಳು

ಖಾಸಗಿ ಆಸ್ಪತ್ರೆಗಳಲ್ಲಿ ಎರಡೂ ಕಣ್ಣುಗಳ ಲೇಸರ್‌ಗೆ, ವಿಧಾನಕ್ಕೆ ತಕ್ಕಂತೆ, ಕೆಲವು ಹತ್ತು ಸಾವಿರ ರೂಪಾಯಿಗಳಿಂದ ಲಕ್ಷವನ್ನು ಮೀರಿದ ಮೊತ್ತದವರೆಗೂ ತಗಲುತ್ತದೆ. ಆರೋಗ್ಯ ವಿಮಾ ಪಾಲಿಸಿಗಳು ಸಾಮಾನ್ಯವಾಗಿ 7.5 ಡಯಾಪ್ಟರ್‌ಗಿಂತ ಕಡಿಮೆ ದೋಷದ ಚಿಕಿತ್ಸಾ ವೆಚ್ಚವನ್ನು ಹೊರಗಿಡುತ್ತವೆ. ಲೆನ್ಸಿನ ವೆಚ್ಚ ಒಮ್ಮೆಗೆ ಕಡಿಮೆಯೆನಿಸಿದರೂ ದ್ರಾವಣ ಸೇರಿ ತಿಂಗಳು ತಿಂಗಳೂ ಬರುವಂಥದ್ದು; ಹಣ ಸಾಲದ ತಿಂಗಳಲ್ಲಿ ಹಳೆಯ ಲೆನ್ಸನ್ನೇ ಮುಂದುವರಿಸುವವರು ಆರಂಭದಲ್ಲೇ ಕನ್ನಡಕವನ್ನು ಆರಿಸಿಕೊಳ್ಳುವುದು ಕ್ಷೇಮ.

ಲೇಸರ್ ಮಾಡಿಸಿಕೊಂಡವರು ಒಂದು ಕಾಗದವನ್ನು ಜೀವನಪರ್ಯಂತ ಕಾಪಾಡಿಕೊಳ್ಳಬೇಕು: ಚಿಕಿತ್ಸೆಗೆ ಮುಂಚಿನ ಪವರ್, ಕಾರ್ನಿಯಾದ ಬಾಗಿನ ಅಳತೆ ಹಾಗೂ ದಪ್ಪ, ಮಾಡಿದ ವಿಧಾನ ಮತ್ತು ದಿನಾಂಕ ನಮೂದಿಸಿದ ದಾಖಲೆ. ಇಳಿವಯಸ್ಸಿನಲ್ಲಿ ಪೊರೆ ಬಂದಾಗ ಕಣ್ಣಿನೊಳಗೆ ಕೂರಿಸುವ ಕೃತಕ ಮಸೂರದ ಪವರನ್ನು ಕಾರ್ನಿಯಾದ ಬಾಗಿನ ಅಳತೆಯಿಂದಲೇ ಲೆಕ್ಕ ಹಾಕಲಾಗುತ್ತದೆ. ಲೇಸರ್ ಆಗಿರುವುದು ತಿಳಿಯದೆ ಸಾಧಾರಣ ಸೂತ್ರವನ್ನು ಬಳಸಿದರೆ ಲೆಕ್ಕ ತಪ್ಪಿ, ಪೊರೆ ತೆಗೆದ ನಂತರವೂ ನೋಟ ಮಸುಕಾಗಿಯೇ ಉಳಿಯುತ್ತದೆ. ಆ ದಾಖಲೆಯ ಎರಡು ನಕಲುಗಳನ್ನು ಮಾಡಿಸಿ ಒಂದನ್ನು ಜಮೀನಿನ ಪತ್ರಗಳ ಜೊತೆಯಲ್ಲಿ ಇಡುವುದು, ಪೊರೆ ತಪಾಸಣಾ ಶಿಬಿರಕ್ಕೆ ಹೋದಾಗ ಹೆಸರು ನೋಂದಾಯಿಸುವ ವೇಳೆಯಲ್ಲೇ ಅದನ್ನು ನೇತ್ರಾಧಿಕಾರಿಗಳಿಗೆ ತೋರಿಸುವುದು ಒಳ್ಳೆಯದು.